ಪ್ರಯಾಣ ವಿಮೆ: ಚಿಲ್ಲರೆ ದುಡ್ಡು ತಾನಾಗಿ ಬರುತ್ತೆ, ದೊಡ್ಡ ಮೊತ್ತಕ್ಕೆ ಷರತ್ತು ಓದಲೇಬೇಕು

ಪ್ರಯಾಣ ವಿಮೆ ತಗೊಳ್ಳುವಾಗ ನಾನು ಮೊದಲು ಪ್ರೀಮಿಯಂ ನೋಡುವುದಿಲ್ಲ. ಪಾಲಿಸಿಯ ಪೂರ್ತಿ ಪಿಡಿಎಫ್ ಡೌನ್‌ಲೋಡ್ ಮಾಡಿಕೊಳ್ಳುತ್ತೇನೆ. ಬಣ್ಣದ ಎರಡು ಪುಟದ ಬ್ರೋಷರ್ ಅಲ್ಲ, ಹತ್ತಾರು ಪುಟ ಷರತ್ತು ತುಂಬಿರುವ ಅಸಲಿ ಕಾಗದ. ಅದನ್ನು ಮೊದಲಿಂದ ಕೊನೆವರೆಗೆ ಓದುವ ತಾಳ್ಮೆ ನನಗೂ ಇಲ್ಲ. ಸರ್ಚ್ ತೆರೆದು ಕೆಲವೇ ವಿಷಯ ಹುಡುಕುತ್ತೇನೆ. ಎತ್ತರದ ಮಿತಿ, ಬೈಕ್, ಮದ್ಯ, ಯುದ್ಧ, ಸಾಂಕ್ರಾಮಿಕ ರೋಗ, ಮೊದಲೇ ಇದ್ದ ಕಾಯಿಲೆ. ಇವು ಯಾವ ತಲೆಬರಹದ ಕೆಳಗೆ ಬಂದಿವೆ ಅಂತ ನೋಡಿದರೆ ಸಾಕು, ಆ ಪಾಲಿಸಿಯನ್ನು ಯಾರಿಗಾಗಿ ಬರೆದಿದ್ದಾರೆ ಅಂತ ಅರ್ಧ ಗೊತ್ತಾಗಿಬಿಡುತ್ತದೆ.

ಮನೆಯಲ್ಲಿ, ಗೆಳತಿಯರ ಗುಂಪಿನಲ್ಲಿ ಯಾರೇ ಹೊರದೇಶಕ್ಕೆ ಹೊರಟರೂ ಟಿಕೆಟ್, ವೀಸಾ, ವಿಮೆ ಮೂರನ್ನೂ ನನ್ನ ತಲೆಗೇ ಕಟ್ಟುತ್ತಾರೆ. ಹಾಗಾಗಿ ಈ ವಿಮೆಗಳು ಬದಲಾಗಿದ್ದನ್ನು ಹತ್ತಿರದಿಂದ ನೋಡಿದ್ದೇನೆ. ನನಗೆ ಕಂಡಿದ್ದು ಇಷ್ಟು. ಸಣ್ಣ ನಷ್ಟಗಳ ದುಡ್ಡು ಈಗ ಬೇಗ ಬರುತ್ತದೆ, ಕೆಲವೊಮ್ಮೆ ಕೇಳದೆಯೇ ಬರುತ್ತದೆ. ದೊಡ್ಡ ನಷ್ಟದ ದುಡ್ಡು ಮಾತ್ರ ನೀವು ಪಾಲಿಸಿಯನ್ನು ಯಾವಾಗ ಕೊಂಡಿರಿ, ಕೊಳ್ಳುವಾಗ ಏನೇನು ಹೇಳಿದಿರಿ ಅನ್ನುವುದರ ಮೇಲೇ ಇವತ್ತಿಗೂ ನಿಂತಿದೆ. ಜಾಹೀರಾತೆಲ್ಲ ಮೊದಲನೆಯದರ ಬಗ್ಗೆ. ನನ್ನ ಸಮಯವೆಲ್ಲ ಎರಡನೆಯದಕ್ಕೆ.

ಮೊದಲನೆಯದು ನಿಜಕ್ಕೂ ಚೆನ್ನಾಗಿದೆ, ಸುಮ್ನೆ ತೆಗೆದುಹಾಕುವ ಹಾಗಿಲ್ಲ. ವಿಮಾನ ತಡವಾದರೆ ಹಿಂದೆ ಏನು ಮಾಡಬೇಕಿತ್ತು? ಏರ್‌ಲೈನ್ಸ್ ಕೌಂಟರಿನಲ್ಲಿ ನಿಂತು ತಡವಾಗಿದ್ದಕ್ಕೆ ಪತ್ರ ಬರೆಸಿಕೊಳ್ಳಬೇಕಿತ್ತು. ಊಟದ ಬಿಲ್, ಬೋರ್ಡಿಂಗ್ ಪಾಸ್ ಎಲ್ಲ ಜೋಪಾನ ಮಾಡಿ, ಊರಿಗೆ ಬಂದ ಮೇಲೆ ಫಾರ್ಮ್ ತುಂಬಬೇಕಿತ್ತು. ಈಗಿನ ಹೊಸ ಪಾಲಿಸಿಗಳಲ್ಲಿ ಫ್ಲೈಟ್ ನಂಬರು ಮತ್ತು ತಾರೀಕು ಮೊದಲೇ ಕೊಟ್ಟಿರುತ್ತೇವೆ. ಕಂಪನಿಯ ಕಂಪ್ಯೂಟರು ವಿಮಾನಗಳ ಮಾಹಿತಿಯನ್ನು ತಾನೇ ನೋಡುತ್ತಿರುತ್ತದೆ. ಪಾಲಿಸಿಯಲ್ಲಿ ಬರೆದಷ್ಟು ಗಂಟೆ ದಾಟಿತೋ, ಮೆಸೇಜ್ ಬರುತ್ತದೆ. ಇದಕ್ಕೆ ಪ್ಯಾರಾಮೆಟ್ರಿಕ್ ವಿಮೆ ಅನ್ನುತ್ತಾರೆ. ನಷ್ಟ ಎಷ್ಟಾಯಿತು ಅಂತ ಯಾರೂ ಅಳೆಯುವುದಿಲ್ಲ. ಘಟನೆ ಆಯಿತಾ ಇಲ್ಲವಾ, ಅಷ್ಟೇ ಲೆಕ್ಕ.

ನನಗೆ ಅಂಥ ಮೆಸೇಜ್ ಬಂದಾಗ ಗೇಟಿನ ಮುಂದೆ ನೆಲದ ಮೇಲೆ, ಚಾರ್ಜಿಂಗ್ ಪಾಯಿಂಟ್ ಪಕ್ಕ ಕೂತಿದ್ದೆ. ಲಿಂಕ್ ಒತ್ತಿದೆ. ಎರಡು ಆಯ್ಕೆ ಇತ್ತು: ಬ್ಯಾಂಕ್ ಖಾತೆಗೆ ಹಣ, ಇಲ್ಲಾ ಲೌಂಜ್ ಪಾಸ್. ಲೌಂಜ್ ಅಂದೆ. ಪರದೆ ಮೇಲೆ ಕ್ಯೂಆರ್ ಕೋಡ್ ಬಂತು, ಎದ್ದು ಹೋದೆ. ಅಷ್ಟೇ. ಫ್ರಾನ್ಸಿನ ಎಎಕ್ಸ್‌ಎ ವಿಮಾ ಕಂಪನಿ 2017ರಲ್ಲಿ ಇದನ್ನೇ ಬ್ಲಾಕ್‌ಚೈನ್ (ಹಲವು ಕಂಪ್ಯೂಟರುಗಳು ಹಂಚಿಕೊಂಡ ಲೆಕ್ಕದ ಪುಸ್ತಕ) ಮೇಲೆ ಮಾಡಲು ಹೊರಟು ಫಿಝಿ (Fizzy) ಅನ್ನೋ ಪಾಲಿಸಿ ತಂದಿತ್ತು, 2019ರಲ್ಲಿ ನಿಲ್ಲಿಸಿತು. ಬ್ಲಾಕ್‌ಚೈನ್ ಹೋಯಿತು, ಐಡಿಯಾ ಉಳಿದುಕೊಂಡಿತು.

ಆದರೆ ಏರ್‌ಲೈನ್ಸ್ ಕೊಡಬೇಕಾದ್ದನ್ನು ವಿಮೆಯ ಖುಷಿಯಲ್ಲಿ ಮರೆಯಬಾರದು. ಯುರೋಪಿಯನ್ ಒಕ್ಕೂಟದಿಂದ ಹೊರಡುವ ವಿಮಾನ ಮೂರು ಗಂಟೆ ಅಥವಾ ಜಾಸ್ತಿ ತಡವಾಗಿ ತಲುಪಿದರೆ, ದೂರ ನೋಡಿಕೊಂಡು 250ರಿಂದ 600 ಯೂರೋವರೆಗೆ ಪರಿಹಾರ ಕೇಳಬಹುದು. 2004ರ ನಿಯಮ ಅದು. ಹವಾಮಾನದಂಥ ಅಸಾಧಾರಣ ಕಾರಣ ಇದ್ದರೆ ಸಿಗುವುದಿಲ್ಲ.

ಲಗೇಜಿನದೂ ಇದೇ ಕಥೆ. ಬೆಲ್ಟ್ ಖಾಲಿ ತಿರುಗುತ್ತಿದ್ದರೆ ನಾನು ನಿಲ್ದಾಣ ಬಿಟ್ಟು ಹೊರಗೆ ಹೋಗುವುದಿಲ್ಲ. ನೇರ ಏರ್‌ಲೈನ್ಸಿನ ಲಗೇಜ್ ಡೆಸ್ಕಿಗೆ ಹೋಗಿ ಪಿಐಆರ್, ಅಂದರೆ ಬ್ಯಾಗ್ ಬಂದಿಲ್ಲ ಅನ್ನುವ ದೂರಿನ ಚೀಟಿ, ಮಾಡಿಸುತ್ತೇನೆ. ಆ ಚೀಟಿಯಲ್ಲಿ ಒಂದು ನಂಬರ್ ಇರುತ್ತದೆ. ಸಾಮಾನ್ಯವಾಗಿ ಐದು ಅಕ್ಷರ, ಐದು ಅಂಕಿ. ಮೊದಲ ಮೂರಕ್ಷರ ನಿಲ್ದಾಣದ್ದು, ಮುಂದಿನ ಎರಡು ಏರ್‌ಲೈನ್ಸಿನದು. ಅದನ್ನು ಅಲ್ಲೇ ಫೋಟೋ ತೆಗೆಯುತ್ತೇನೆ. ಅದಿಲ್ಲದೆ ವಿಮೆಯವರು ಮಾತೇ ಆಡುವುದಿಲ್ಲ. 1999ರ ಮಾಂಟ್ರಿಯಲ್ ಒಪ್ಪಂದದ ಪ್ರಕಾರ ಬ್ಯಾಗ್ ಹಾಳಾಗಿ ಬಂದಿದ್ದರೆ ಕೈಗೆ ಸಿಕ್ಕ 7 ದಿನದೊಳಗೆ, ತಡವಾಗಿ ಬಂದಿದ್ದರೆ 21 ದಿನದೊಳಗೆ ಏರ್‌ಲೈನ್ಸಿಗೆ ಲಿಖಿತ ದೂರು ಹೋಗಬೇಕು. ಈಗ ಬ್ಯಾಗಿನೊಳಗೆ ಏರ್‌ಟ್ಯಾಗ್ ಥರದ ಟ್ರ್ಯಾಕರ್ ಹಾಕುವವರು ಜಾಸ್ತಿ. ನಾನೂ ಹಾಕುತ್ತೇನೆ. ಬ್ಯಾಗ್ ಎಲ್ಲಿದೆ ಅನ್ನುವ ನಕ್ಷೆಯ ಸ್ಕ್ರೀನ್‌ಶಾಟ್ ಸಮೇತ ಕೇಳಿದರೆ ಡೆಸ್ಕಿನವರು ಉತ್ತರ ಕೊಡುವ ರೀತಿಯೇ ಬೇರೆ.

ಈಗ ದೊಡ್ಡದಕ್ಕೆ ಬರೋಣ.

ವಿಮೆಯಲ್ಲಿ 'ಗೊತ್ತಿದ್ದ ಘಟನೆ' ಅಂತ ಒಂದು ಮಾತಿದೆ. ನೀವು ಪಾಲಿಸಿ ಕೊಳ್ಳುವ ಹೊತ್ತಿಗೆ ಅಪಾಯ ಸುದ್ದಿಯಾಗಿದ್ದರೆ ಅದಕ್ಕೆ ರಕ್ಷಣೆ ಇಲ್ಲ. ಚಂಡಮಾರುತಕ್ಕೆ ಹೆಸರಿಟ್ಟ ಮೇಲೆ, ಮುಷ್ಕರ ಘೋಷಣೆಯಾದ ಮೇಲೆ ಕೊಂಡ ಪಾಲಿಸಿ ಆ ಚಂಡಮಾರುತಕ್ಕೆ, ಆ ಮುಷ್ಕರಕ್ಕೆ ಉಪಯೋಗವಿಲ್ಲ. ಇದನ್ನು ಜಗತ್ತಿಗೆಲ್ಲ ಕಲಿಸಿದ್ದು ಕೋವಿಡ್. 2020ರ ಜನವರಿ 30ಕ್ಕೆ ವಿಶ್ವ ಆರೋಗ್ಯ ಸಂಸ್ಥೆ ತುರ್ತು ಪರಿಸ್ಥಿತಿ ಘೋಷಿಸಿತು, ಮಾರ್ಚ್ 11ಕ್ಕೆ ಅದನ್ನು ಮಹಾಸಾಂಕ್ರಾಮಿಕ ಅಂದಿತು. ಅದೇ ಆಸುಪಾಸಿನಲ್ಲಿ ಕಂಪನಿಗಳು ಒಂದೊಂದು ತಾರೀಕು ಹಿಡಿದು, ಇದಾದ ಮೇಲೆ ಕೊಂಡವರಿಗೆ ಕೋವಿಡ್‌ನ ರದ್ದತಿ ಹಣ ಇಲ್ಲ ಎಂದು ಕೈ ಎತ್ತಿದವು. ಎಷ್ಟೋ ಪಾಲಿಸಿಗಳಲ್ಲಂತೂ ಸಾಂಕ್ರಾಮಿಕ ರೋಗವನ್ನು ಮೊದಲೇ ಹೊರಗಿಟ್ಟಿದ್ದರು, ಯಾರೂ ಓದಿರಲಿಲ್ಲ.

ಅದಕ್ಕೂ ಹತ್ತು ವರ್ಷ ಮೊದಲು, 2010ರ ಏಪ್ರಿಲ್‌ನಲ್ಲಿ, ಐಸ್‌ಲ್ಯಾಂಡಿನ ಜ್ವಾಲಾಮುಖಿ ಬೂದಿ ಉಗುಳಿ ಯುರೋಪಿನ ಆಕಾಶ ದಿನಗಟ್ಟಲೆ ಮುಚ್ಚಿತ್ತು. ಸುಮಾರು ಒಂದು ಲಕ್ಷ ವಿಮಾನ ರದ್ದಾದವು. ಬೂದಿ ಅಂದರೆ ಕೆಟ್ಟ ಹವಾಮಾನವೋ ಅಲ್ಲವೋ ಅಂತ ಕ್ಯಾತೆ ಶುರುವಾಯಿತು. ಆಮೇಲೆ ಹಲವು ಪಾಲಿಸಿಗಳಲ್ಲಿ ಜ್ವಾಲಾಮುಖಿ ಬೂದಿಗೇ ಬೇರೆ ಸಾಲು ಬಂತು. ನನ್ನ ಲೆಕ್ಕದಲ್ಲಿ ವಿಮೆ ಬದಲಾಗುವುದೇ ಹೀಗೆ. ಒಂದು ಗಲಾಟೆ ಆಗುತ್ತದೆ, ಜನ ಕಿತ್ತಾಡುತ್ತಾರೆ, ಮುಂದಿನ ವರ್ಷದ ಪಿಡಿಎಫ್‌ನಲ್ಲಿ ಒಂದು ಪ್ಯಾರಾ ಜಾಸ್ತಿಯಾಗುತ್ತದೆ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಅನ್ನುವ ಕಂಪ್ಯೂಟರ್ ಭದ್ರತೆ ಕಂಪನಿಯ ಸಾಫ್ಟ್‌ವೇರ್ ಅಪ್‌ಡೇಟ್ ಕೆಟ್ಟು ಜಗತ್ತಿನಾದ್ಯಂತ ಕಂಪ್ಯೂಟರುಗಳು ನಿಂತು ವಿಮಾನಗಳು ರದ್ದಾದಾಗ ಅದೇ ಪ್ರಶ್ನೆ ಎದ್ದಿತು. ಸಾಫ್ಟ್‌ವೇರ್ ಕೆಟ್ಟಿದ್ದು ಪಾಲಿಸಿಯ ಕಾರಣಗಳ ಪಟ್ಟಿಯಲ್ಲಿ ಇದೆಯಾ? ಅದಕ್ಕೇ ನಾನು ತಡವಾಗಲು ಇಂತಿಂಥ ಕಾರಣ ಅಂತ ಪಟ್ಟಿ ಮಾಡಿದ ಪಾಲಿಸಿಗಿಂತ, ಯಾವುದೇ ಕಾರಣಕ್ಕೆ ತಡವಾದರೂ ಅಂತ ಬರೆದ ಪಾಲಿಸಿಗೆ ಎರಡು ಕಾಸು ಜಾಸ್ತಿ ಕೊಡುತ್ತೇನೆ.

ಇದರಿಂದ ನಾನು ಮಾಡಿಕೊಂಡ ಅಭ್ಯಾಸ ಒಂದೇ. ವಾಪಸ್ ಬರದ ಮೊದಲ ದುಡ್ಡು ಕಟ್ಟಿದ ದಿನವೇ ವಿಮೆಯನ್ನೂ ಕೊಳ್ಳುತ್ತೇನೆ. ವಿಮಾನ ಹತ್ತುವ ಹಿಂದಿನ ರಾತ್ರಿ ಕೊಂಡರೆ ಆಸ್ಪತ್ರೆ ಖರ್ಚಿಗೆ ರಕ್ಷಣೆ ಸಿಗುತ್ತದೆ, ಆದರೆ ಪ್ರಯಾಣ ರದ್ದಾದರೆ ಅನ್ನುವ ಭಾಗ ಅಷ್ಟು ದಿನ ಸುಮ್ನೆ ಖಾಲಿ ಬಿದ್ದಿರುತ್ತದೆ. ವರ್ಷಕ್ಕೊಂದೇ ಪಾಲಿಸಿ ಕೊಳ್ಳುವವರು ಇದನ್ನು ಗಮನಿಸಬೇಕು. ಪಾಲಿಸಿ ಶುರುವಾಗುವ ತಾರೀಕನ್ನು ಹೊರಡುವ ದಿನಕ್ಕೆ ಹಾಕಿಕೊಂಡರೆ, ಅದಕ್ಕೆ ಮೊದಲು ರದ್ದು ಮಾಡಬೇಕಾಗಿ ಬಂದಾಗ ಪಾಲಿಸಿ ಇನ್ನೂ ಹುಟ್ಟೇ ಇರುವುದಿಲ್ಲ.

ಕಾರಣ ಏನೇ ಇರಲಿ ರದ್ದು ಮಾಡಬಹುದು ಅನ್ನುವ ಹೆಚ್ಚುವರಿ ರಕ್ಷಣೆ ಕೆಲವು ದೇಶಗಳಲ್ಲಿ, ಮುಖ್ಯವಾಗಿ ಅಮೆರಿಕದಲ್ಲಿ, ಸಿಗುತ್ತದೆ. ಸಾಮಾನ್ಯವಾಗಿ ಕಟ್ಟಿದ್ದರಲ್ಲಿ ಶೇಕಡ 50ರಿಂದ 75ರಷ್ಟು ವಾಪಸ್. ಮೊದಲ ದುಡ್ಡು ಕಟ್ಟಿದ ಎರಡು ಮೂರು ವಾರದೊಳಗೆ ಕೊಂಡಿರಬೇಕು, ಹೊರಡುವ 48 ಗಂಟೆ ಮೊದಲೇ ರದ್ದು ಮಾಡಬೇಕು. ಸುದ್ದಿ ನೋಡಿ ಭಯವಾಯಿತು ಅನ್ನುವುದು ಮಾಮೂಲಿ ಪಾಲಿಸಿಯಲ್ಲಿ ಕಾರಣವೇ ಅಲ್ಲ. ಆ ಭಯಕ್ಕೆ ಬೆಲೆ ಇರುವುದು ಇಲ್ಲಿ ಮಾತ್ರ.

ಇನ್ನು ಆರೋಗ್ಯ. ನಾನು ಅತಿ ಹೆಚ್ಚು ಹೊತ್ತು ಕೂರುವುದು ಈ ಪುಟದ ಮುಂದೆ.

ಅಪ್ಪನ ಜೊತೆ ಹೊರಟಾಗ ಆನ್‌ಲೈನ್‌ನಲ್ಲಿ ಆರೋಗ್ಯದ ಪ್ರಶ್ನೆಗಳು ಬಂದವು. ಯಾವ ಕಾಯಿಲೆ, ಯಾವ ಮಾತ್ರೆ, ಇತ್ತೀಚೆಗೆ ಡೋಸ್ ಬದಲಾಗಿದೆಯಾ, ಆಸ್ಪತ್ರೆಗೆ ಸೇರಿದ್ದುಂಟಾ, ಯಾವುದಾದರೂ ಟೆಸ್ಟ್ ರಿಪೋರ್ಟ್ ಬರುವುದು ಬಾಕಿ ಇದೆಯಾ.

"ಬಿಪಿ ಯಾರಿಗಿಲ್ಲ ಹೇಳು? ಅದನ್ನೆಲ್ಲ ಬರೀಬೇಡ ಕಣೇ, ಸುಮ್ನೆ ಜಾಸ್ತಿ ದುಡ್ಡು ಕೀಳ್ತಾರೆ" ಅಂದರು ಅಪ್ಪ.

"ಬರೀದಿದ್ರೆ ಕಟ್ಟಿದ್ದೂ ದಂಡ ಅಪ್ಪಾ" ಅಂದು ಮಾತ್ರೆಯ ಸ್ಟ್ರಿಪ್ ತರಿಸಿಕೊಂಡು, ಹೆಸರು ನೋಡಿ ನೋಡಿ ಬರೆದೆ. ಪ್ರೀಮಿಯಂ ಏರಿತು, ನಿಜ. ಆದರೆ ಬಿಪಿಯನ್ನು ಒಳಗೆ ಸೇರಿಸಿದ್ದೇವೆ ಅನ್ನುವ ಸಾಲು ಪಾಲಿಸಿಯಲ್ಲಿ ಅಚ್ಚಾಗಿ ಬಂತು. ಹೊರಡುವ ಮೊದಲು ಡಾಕ್ಟರು ಡೋಸ್ ಬದಲಿಸಿದರು. ಅದನ್ನೂ ಇಮೇಲ್ ಮಾಡಿ ತಿಳಿಸಿದೆ, ಉತ್ತರ ತರಿಸಿಕೊಂಡೆ. ಕೊಂಡ ದಿನಕ್ಕೂ ಹೊರಡುವ ದಿನಕ್ಕೂ ನಡುವೆ ಆದ ಬದಲಾವಣೆಯನ್ನು ತಿಳಿಸಬೇಕು ಅನ್ನುವ ಷರತ್ತು ಎಷ್ಟೋ ಪಾಲಿಸಿಗಳಲ್ಲಿದೆ.

ಪರದೇಶದಲ್ಲಿ ಒಂದು ಬೆಳಿಗ್ಗೆ ಅಪ್ಪನಿಗೆ ತಲೆ ಸುತ್ತಿತು. ವಿಮೆಯ ಆ್ಯಪ್‌ನಲ್ಲಿ ಡಾಕ್ಟರ ಜೊತೆ ವಿಡಿಯೋ ಮಾತುಕತೆ ಇತ್ತು, ಹತ್ತು ನಿಮಿಷದಲ್ಲಿ ಸಿಕ್ಕರು. ಇದು ಹಿಂದೆ ಇರಲಿಲ್ಲ, ಇದು ನಿಜವಾದ ಬದಲಾವಣೆ. ಅವರು ನೋಡಿ, ಒಮ್ಮೆ ಆಸ್ಪತ್ರೆಯಲ್ಲೇ ತೋರಿಸಿಬಿಡಿ ಅಂದರು. ಹೊರಡುವ ಮುಂಚೆಯೇ ವಿಮೆಯವರ ಅಸಿಸ್ಟೆನ್ಸ್ (ತುರ್ತು ನೆರವಿನ) ನಂಬರಿಗೆ ಫೋನ್ ಮಾಡಿದೆ. ಪಾಲಿಸಿ ನಂಬರ್, ಎಲ್ಲಿದ್ದೀರಿ, ಯಾವ ಆಸ್ಪತ್ರೆ, ಅಲ್ಲಿಯ ಫೋನ್, ಯಾವ ಮಾತ್ರೆ ತಗೊಳ್ತಾರೆ ಅಂತ ಒಂದೊಂದಾಗಿ ಕೇಳಿದರು. ಅಡ್ಮಿಟ್ ಮಾಡಬೇಕು ಅಂತ ಆಸ್ಪತ್ರೆಯವರು ಹೇಳಿದರೆ, ಸಹಿ ಹಾಕುವ ಮೊದಲು ಇದೇ ನಂಬರಿಗೆ ಮತ್ತೆ ಮಾಡಿ, ಹಣದ ಖಾತರಿ ಪತ್ರ ನಾವೇ ಅವರಿಗೆ ಕಳಿಸುತ್ತೇವೆ ಅಂದರು. ಅಡ್ಮಿಟ್ ಮಾಡುವ ಪ್ರಸಂಗ ಬರಲಿಲ್ಲ. ಸಂಜೆಗೆ ಅಪ್ಪ ಹುಷಾರಾಗಿ ವಾಕಿಂಗ್ ಹೊರಟರು, ಮಾರನೇ ದಿನ ಆಸ್ಪತ್ರೆಯ ಬಿಲ್ ಅಪ್‌ಲೋಡ್ ಮಾಡಿದೆ.

ಯುರೋಪಿನ ಹಲವು ದೇಶಗಳಿಗೆ ಒಂದೇ ಆಗಿರುವ ಷೆಂಗೆನ್ ವೀಸಾಕ್ಕೆ ಕನಿಷ್ಠ 30,000 ಯೂರೋ ವೈದ್ಯಕೀಯ ರಕ್ಷಣೆ ಬೇಕು ಅನ್ನುವುದು ಎಲ್ಲರಿಗೂ ಗೊತ್ತು. ಎಷ್ಟೋ ಜನ ಸರಿಯಾಗಿ ಅಷ್ಟಕ್ಕೇ ಕೊಳ್ಳುತ್ತಾರೆ. ವೀಸಾ ಕೊಡುವವರಿಗೆ ಅದು ಸಾಕು. ಐಸಿಯುನಲ್ಲಿ ಕೆಲವು ದಿನ ಮಲಗಿ, ಆಮೇಲೆ ಏರ್ ಆಂಬುಲೆನ್ಸಿನಲ್ಲಿ ಸಮುದ್ರ ದಾಟಿ ಬರಬೇಕಾದರೆ ಯಾತಕ್ಕೂ ಸಾಲದು. ಅಂಥ ವಿಮಾನದ ಖರ್ಚು ಒಂದು ಲಕ್ಷ ಡಾಲರ್ ದಾಟುವುದುಂಟು. ಹಾಗಾಗಿ ಆಸ್ಪತ್ರೆ ಖರ್ಚು ಮತ್ತು ತುರ್ತು ಸಾಗಣೆಯ ಮೊತ್ತ ಇವೆರಡನ್ನು ಮೊದಲು ನೋಡುತ್ತೇನೆ. ಉಳಿಸಬೇಕಿದ್ದರೆ ಲಗೇಜ್ ರಕ್ಷಣೆಯನ್ನು ಕಡಿಮೆ ಮಾಡುತ್ತೇನೆ. ಬಟ್ಟೆ ಮತ್ತೆ ಕೊಳ್ಳಬಹುದು, ಅಲ್ವಾ?

ಲ್ಯಾಪ್‌ಟಾಪ್ ಹಿಡಿದು ತಿಂಗಳುಗಟ್ಟಲೆ ತಿರುಗುವವರಿಗೆ ಈಗ ಬೇರೆ ಥರದ ಪಾಲಿಸಿ ಬಂದಿದೆ. ನಾಲ್ಕು ವಾರಕ್ಕೊಮ್ಮೆ ತಾನೇ ನವೀಕರಣ ಆಗುತ್ತದೆ, ಬೇಡವಾದಾಗ ನಿಲ್ಲಿಸಬಹುದು, ಊರು ಬಿಟ್ಟ ಮೇಲೂ ಕೊಳ್ಳಬಹುದು. ಮಾಮೂಲಿ ವಾರ್ಷಿಕ ಪಾಲಿಸಿಯಲ್ಲಿ ಒಂದು ಪ್ರಯಾಣಕ್ಕೆ 30, 45, 60 ದಿನ ಅಂತೆಲ್ಲ ಮಿತಿ ಇರುವುದರಿಂದ ಅವರಿಗೆ ಅದು ಒಗ್ಗುವುದಿಲ್ಲ. ತುಂಡು ತುಂಡಾಗಿ ಕೊಳ್ಳುವುದು ಹೊಸದೇನೂ ಅಲ್ಲ ಅನ್ನಿ. ಅಮೆರಿಕದ ಹಾರ್ಟ್‌ಫರ್ಡ್‌ನಲ್ಲಿ 1864ರಲ್ಲಿ ವಿಮಾ ಕಂಪನಿ ಕಟ್ಟಿದ ಜೇಮ್ಸ್ ಬ್ಯಾಟರ್ಸನ್ ಒಬ್ಬರಿಗೆ ಪೋಸ್ಟ್ ಆಫೀಸಿನಿಂದ ಮನೆವರೆಗಿನ ನಡಿಗೆಗೆ ಎರಡು ಸೆಂಟ್ ತಗೊಂಡು ವಿಮೆ ಕೊಟ್ಟಿದ್ದನಂತೆ. ನನ್ನ ಕೆಲಸದ ಲ್ಯಾಪ್‌ಟಾಪನ್ನು ಮಾತ್ರ ಪ್ರಯಾಣ ವಿಮೆಗೆ ಸೇರಿಸುವುದಿಲ್ಲ. ಒಂದು ವಸ್ತುವಿಗೆ ಇಷ್ಟೇ ಅನ್ನುವ ಮಿತಿ ತೀರ ಕಡಿಮೆ, ಕಚೇರಿ ಸಾಮಾನನ್ನು ಎಷ್ಟೋ ಕಡೆ ಹೊರಗೇ ಇಡುತ್ತಾರೆ.

ಸ್ಕೂಟರ್ ಬಾಡಿಗೆಗೆ ತಗೊಳ್ಳುವವರು ಆ ಎಂಜಿನ್‌ಗೆ ತಕ್ಕ ಲೈಸೆನ್ಸ್ ಮತ್ತು ಹೆಲ್ಮೆಟ್ ಎರಡೂ ಇಟ್ಟುಕೊಳ್ಳಬೇಕು. ಚಾರಣಕ್ಕೆ ಹೋಗುವವರು ಎಷ್ಟು ಮೀಟರ್ ಎತ್ತರದವರೆಗೆ ಅಂತ ನೋಡಬೇಕು. ಟಿಕೆಟ್ ಕೊಳ್ಳುವಾಗ ಕೊನೆಯಲ್ಲಿ ಟಿಕ್ ಮಾಡಿ ಅನ್ನುವ ವಿಮೆಯನ್ನು ನಾನು ಟಿಕ್ ಮಾಡುವುದಿಲ್ಲ, ಅಲ್ಲಿ ಷರತ್ತು ಓದುವಷ್ಟು ಹೊತ್ತಿನಲ್ಲಿ ಪೇಜ್ ಟೈಮ್‌ಔಟ್ ಆಗುತ್ತದೆ.

ಒಮ್ಮೆ ಒಂದು ಕ್ಲೇಮ್ ತಿರಸ್ಕಾರವಾಗಿ ಬಂತು. ಲಗೇಜ್ ತಡವಾದಾಗ ಕೊಂಡ ಅಗತ್ಯ ಸಾಮಾನಿನದು. ಕಾರಣದ ಜಾಗದಲ್ಲಿ 'ಪಾಲಿಸಿ ಷರತ್ತಿಗೆ ಅನುಗುಣವಾಗಿಲ್ಲ' ಅಂತ ಮಾತ್ರ ಇತ್ತು. ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ. ನಾನು ಜಗಳ ಆಡಲಿಲ್ಲ. ಎರಡೇ ಸಾಲು ಬರೆದೆ: ಯಾವ ಷರತ್ತು, ಅದರ ನಂಬರ್ ಮತ್ತು ಪುಟ ತಿಳಿಸಿ. ನನ್ನ ಪಾಲಿಸಿಯ ಪಿಡಿಎಫ್ ಜೊತೆಗಿದೆ. ಪಿಐಆರ್ ಚೀಟಿಯ ಫೋಟೋ, ಬ್ಯಾಗ್ ಕೈಗೆ ಕೊಟ್ಟ ಸಮಯದ ರಸೀದಿ, ಬಿಲ್ಲುಗಳನ್ನು ಮತ್ತೆ ಲಗತ್ತಿಸಿದೆ. ಉತ್ತರದಲ್ಲಿ ಯಾವ ಷರತ್ತಿನ ನಂಬರೂ ಇರಲಿಲ್ಲ. ಕಡತವನ್ನು ಮರುಪರಿಶೀಲನೆಗೆ ತೆಗೆದುಕೊಂಡಿದ್ದೇವೆ ಅಂತಿತ್ತು, ಆಮೇಲೆ ಹಣ ಬಂತು, ಡಿಡಕ್ಟಿಬಲ್ (ನಷ್ಟದಲ್ಲಿ ನಾವೇ ಹೊರಬೇಕಾದ ಪಾಲು) ಕಳೆದು.