ಅಳಿವೆ ತಳದ ಮರಳ ದಿಬ್ಬಗಳು ಉಪ್ಪುನೀರನ್ನ ಹೇಗೆ ತಡೆಯುತ್ತವೆ: ನಾನು ಅಳೆದ ರೀತಿ

ಅಳಿವೆಗಳಲ್ಲಿ ಉಪ್ಪುನೀರು ನದಿಯೊಳಗೆ ಎಷ್ಟು ದೂರ ನುಗ್ಗುತ್ತೆ ಅಂತ ಲೆಕ್ಕ ಹಾಕೋದು ನನ್ನ ಕೆಲಸ. ನದಿ ಹರಿವು, ಉಬ್ಬರ-ಇಳಿತ, ಆಳ ಇವನ್ನೆಲ್ಲಾ ಜನ ಜೋಪಾನವಾಗಿ ಮಾಡೆಲ್‌ಗೆ ಹಾಕ್ತಾರೆ, ಆದ್ರೆ ತಳ ಎಷ್ಟು ಒರಟು ಅನ್ನೋದಕ್ಕೆ ಮಾತ್ರ ಇಡೀ ಅಳಿವೆಗೆ ಒಂದೇ ಮ್ಯಾನಿಂಗ್ ನಂಬರ್, 0.02 ಆಸುಪಾಸು ಕೊಟ್ಟು ಮುಂದೆ ಹೋಗಿಬಿಡ್ತಾರೆ. ನನಗದು ಸಾಲದು ಅನ್ನಿಸ್ತು, ಯಾಕಂದ್ರೆ ಮಲ್ಟಿಬೀಮ್ ಎಕೋ ಸೌಂಡರ್‌ನಲ್ಲಿ (ಶಬ್ದದ ಅಲೆ ಕಳಿಸಿ ತಳದ ಆಕಾರ ತೋರಿಸೋ ಉಪಕರಣ) ನೋಡಿದ್ರೆ ತಳದಲ್ಲಿ ಸಾಲುಸಾಲು ಮರಳ ದಿಬ್ಬ, ಕೆಲವು ಆಳೆತ್ತರಕ್ಕಿಂತ ಜಾಸ್ತಿ!

ಲಂಗರು ಹಾಕಿ ಸಿಟಿಡಿ, ಅಂದ್ರೆ ಆಳಕ್ಕೆ ತಕ್ಕಂತೆ ನೀರಿನ ಉಪ್ಪು, ಉಷ್ಣತೆ ಅಳೆಯೋ ಉಪಕರಣ, ಇಳಿಸಿದೆ, ಒಮ್ಮೆ ದಿಬ್ಬದ ನೆತ್ತಿ ಮೇಲೆ, ಒಮ್ಮೆ ಅದರ ಕಡಿದಾದ ಬದಿಯ ಹಿಂದೆ. ಸಮುದ್ರದ ನೀರು ಕ್ಯೂಬಿಕ್ ಮೀಟರ್‌ಗೆ ಸುಮಾರು 1025 ಕೆಜಿ, ಸಿಹಿನೀರು 1000, ಹಾಗಾಗಿ ಉಪ್ಪುನೀರು ಬೆಣೆ ಥರ ಕೆಳಗಿಂದ ತೂರಿಕೊಂಡು ಬರುತ್ತೆ. ಜೋರು ಇಳಿತ ಇದ್ದಾಗ ದಿಬ್ಬದ ಹಿಂದೆ ಸುಳಿ ಎದ್ದು ಆ ಎರಡು ಪದರ ಕಲಸಿಹೋಗಿತ್ತು, ಆಳದ ಜೊತೆ ಉಪ್ಪು ತೋರಿಸೋ ಗ್ರಾಫ್‌ನಲ್ಲಿ ಚೂಪಾಗಿ ತಿರುಗಬೇಕಿದ್ದ ಗೆರೆ ಓರೆಯಾಗಿ ಇಳಿದಿತ್ತು. ಪದರ ಕಲಸಿದಷ್ಟೂ ಕೆಳಗಿಂದ ಒಳನುಗ್ಗೋ ಒತ್ತಡ ಕಮ್ಮಿ, ಅದರ ಜೊತೆ ತಳದ ಘರ್ಷಣೆ ಬೇರೆ ಬೆಣೆಯನ್ನ ಹಿಡಿದು ನಿಧಾನ ಮಾಡುತ್ತೆ. ಆದ್ರೆ ಅದೇ ಜಾಗದಲ್ಲಿ ಮೇಲಿನ ನೀರು ಸ್ವಲ್ಪ ಉಪ್ಪಾಗುತ್ತೆ, ನದಿಯಿಂದ ನೀರೆತ್ತೋಕೆ ಪಂಪ್ ಇಡೋರು ಇದನ್ನ ಮರೀಬಾರದು.

ಆಮೇಲೆ ದಿಬ್ಬಗಳಿಂದಲೇ ಒರಟುತನ ಲೆಕ್ಕ ಹಾಕಿದೆ. ಅದು ಎತ್ತರದ ವರ್ಗವನ್ನ ದಿಬ್ಬದ ಉದ್ದದಿಂದ ಭಾಗಿಸಿದ್ದಕ್ಕೆ ತಕ್ಕಂತೆ ಏರುತ್ತೆ, ಅಂದ್ರೆ ಉದ್ದ ಅಷ್ಟೇ ಇದ್ದು ಎತ್ತರ ಎರಡು ಪಟ್ಟಾದ್ರೆ ಒರಟುತನ ನಾಲ್ಕು ಪಟ್ಟು. ಕಡಿದಾದ ಬದಿ ಸಮುದ್ರದ ಕಡೆ ಇದ್ದಿದ್ರಿಂದ ಇಳಿತಕ್ಕೆ ಜಾಸ್ತಿ, ಉಬ್ಬರಕ್ಕೆ ಕಮ್ಮಿ ಅಂತ ಎರಡು ಬೆಲೆ ಕೊಟ್ಟೆ. ಸರ್ವೆಯನ್ನ ನದಿ ಬತ್ತಿದ ಕಾಲದಲ್ಲೇ ಮಾಡಿಸಿ ಅಂತ ಹಠ ಹಿಡಿದೆ, ಹರಿವು ಇಳಿದ ಮೇಲೆ ದಿಬ್ಬಗಳೂ ಮೆಲ್ಲಗೆ ತಗ್ಗುತ್ತವೆ, ಉಪ್ಪು ಜಾಸ್ತಿ ಒಳಬರೋದೂ ಆಗಲೇ.

ಕೊನೆಗೆ ಮಾಡೆಲ್‌ನಲ್ಲಿ ದಿಬ್ಬ ಕೆತ್ತಿ ತೆಗೆದು ಓಡಿಸಿದೆ. ಬರೀ ಆಳ ಹೆಚ್ಚಿಸಿದ್ದಕ್ಕಿಂತ, ಆಳದ ಜೊತೆ ತಳ ನುಣುಪಾದಾಗ ಉಪ್ಪು ನದಿಯೊಳಗೆ ಇನ್ನೂ ದೂರ ಹೋಯ್ತು. ಅಮೆರಿಕದ ಮಿಸಿಸಿಪಿ ನದಿಯಲ್ಲಿ 1988ರಲ್ಲೂ 2023ರಲ್ಲೂ ಉಪ್ಪಿನ ಬೆಣೆ ತಡೆಯೋಕೆ ನದಿ ತಳದಲ್ಲಿ ಹೂಳಿನ ಒಡ್ಡು ಕಟ್ಟಬೇಕಾಯ್ತು, ಅದು ನೇರ ಅಡ್ಡಗೋಡೆ, ದಿಬ್ಬ ಕೆಲಸ ಮಾಡೋ ರೀತಿ ಬೇರೆ. ಆದ್ರೂ ಹಡಗಿನ ದಾರಿಗೆ ಡ್ರೆಜಿಂಗ್ (ತಳ ಅಗೆದು ಆಳ ಮಾಡೋ) ಪ್ಲಾನ್ ಬಂದ್ರೆ ನಾನು ಈಗ ಎಷ್ಟು ಆಳ ಅಂತ ಕೇಳೋದರ ಜೊತೆಗೇ ಯಾವ ದಿಬ್ಬಗಳ ನೆತ್ತಿ ಹೋಗುತ್ತೆ, ಅಲ್ಲಿಂದ ಕುಡಿಯೋ ನೀರಿನ ಇನ್‌ಟೇಕ್ ಎಷ್ಟು ದೂರ ಅಂತಾನೂ ಕೇಳ್ತೀನಿ.