ಒಡೆದ ಕಾಂಕ್ರೀಟಿನಿಂದ ಉದ್ಯಾನಕ್ಕೆ ಕಾಲುದಾರಿ

ಹಳೇ ಕಟ್ಟಡದ ಕಾಂಕ್ರೀಟ್ ಚಪ್ಪಡಿ, ಇಟ್ಟಿಗೆಗಳಿಂದ ಉದ್ಯಾನದ ದಾರಿ ಹಾಸುವುದು ಕಷ್ಟವಲ್ಲ. ಹೆಚ್ಚು ಹೊತ್ತು ಹಿಡಿಯುವುದು ಅದಕ್ಕೂ ಮುಂಚಿನ ಆಯುವ ಕೆಲಸ. ಇಲ್ಲಿನ ಲೆಕ್ಕ 30 ಮೀಟರ್ ಉದ್ದ, 1.5 ಮೀಟರ್ ಅಗಲದ ದಾರಿಗೆ.

ರಾಶಿಯಲ್ಲಿ ಆಸ್‌ಬೆಸ್ಟಾಸ್ ಶೀಟಿನ ಚೂರು ಕಂಡರೆ ಆ ಇಡೀ ಲೋಡನ್ನೇ ಬಿಟ್ಟುಬಿಡಿ. ಪ್ಲಾಸ್ಟರ್ ಆಫ್ ಪ್ಯಾರಿಸ್, ಹಳೇ ಬಣ್ಣ ಹತ್ತಿದ ತುಂಡುಗಳೂ ಬೇಡ. ಎರಡು ಇಟ್ಟಿಗೆಗಳನ್ನು ತಟ್ಟಿದರೆ ಠಣ್ಣೆನ್ನಬೇಕು. ಅನುಮಾನವಿದ್ದರೆ ಒಣ ಇಟ್ಟಿಗೆ ತೂಗಿ, 24 ಗಂಟೆ ನೀರಲ್ಲಿ ಮುಳುಗಿಸಿ ಮತ್ತೆ ತೂಗಿ: 3 ಕಿಲೋ ಇದ್ದದ್ದು 3.6 ಕಿಲೋ ದಾಟಿದರೆ ಅದು ಬೇಡ. ಸುಣ್ಣದ ಗಾರೆ ಸುಲಭವಾಗಿ ಬಿಡುತ್ತದೆ. ಸಿಮೆಂಟ್ ಗಾರೆ ಕೆರೆಯಹೋದರೆ ಇಟ್ಟಿಗೆಯೇ ಒಡೆಯುತ್ತದೆ. ಅಂಥವನ್ನು ಪುಡಿ ಮಾಡುವ ರಾಶಿಗೆ ಹಾಕಿ.

ಚಪ್ಪಡಿಗಳಲ್ಲಿ 5ರಿಂದ 7 ಸೆಂ.ಮೀ. ದಪ್ಪದವನ್ನು ಆರಿಸಿ, ಚಾಚಿದ ಕಂಬಿಯನ್ನು ಗ್ರೈಂಡರ್‌ನಿಂದ ಅಂಚಿಗೇ ಕತ್ತರಿಸಿ. ಮುರಿಯುವುದು, ಕತ್ತರಿಸುವುದು ಇದ್ದೇ ಇರುವುದರಿಂದ 45 ಚದರ ಮೀಟರಿಗೆ ಸುಮಾರು 50 ಚದರ ಮೀಟರ್ ಇಟ್ಟುಕೊಳ್ಳಿ.

22 ಸೆಂ.ಮೀ. ಆಳಕ್ಕೆ ಅಗೆದು, ಅಂಚಿಗೆ ಇಟ್ಟಿಗೆಗಳನ್ನು ನಿಲ್ಲಿಸಿ. ತಳಕ್ಕೆ 40 ಮಿ.ಮೀ.ಗಿಂತ ಚಿಕ್ಕದಾಗಿ ಪುಡಿಮಾಡಿದ ಕಾಂಕ್ರೀಟ್ ಬೇಕು. ದಿಮ್ಮಸು (ನೆಲ ಬಡಿದು ಗಟ್ಟಿಮಾಡುವ ಭಾರದ ಸಾಧನ) ಹೊಡೆದ ಮೇಲೆ 12 ಸೆಂ.ಮೀ. ಉಳಿಯಬೇಕಾದ್ದರಿಂದ ಸಡಿಲಾಗಿ ಸುಮಾರು 7 ಘನ ಮೀಟರ್ ತರಿಸಿ. ಒಂದೇ ಸಲ ಸುರಿದರೆ ಮೇಲಷ್ಟೇ ಗಟ್ಟಿಯಾಗಿ ಒಳಗೆ ಟೊಳ್ಳು ಉಳಿಯುತ್ತದೆ. ಎರಡು ಪದರವಾಗಿ ಹರಡಿ, ನೀರು ಚಿಮುಕಿಸಿ, ಹಿಮ್ಮಡಿ ಊರಿದರೂ ಗುರುತು ಬೀಳದಷ್ಟು ಹೊಡೆಯಿರಿ. ನೀರು ಹರಿಯಲು ಅಗಲಕ್ಕೆ 3 ಸೆಂ.ಮೀ. ವಾಟ (ಇಳಿಜಾರು) ಕೊಡಿ, ಆದರೆ ಹೂವಿನ ಪಾತಿಯ ಕಡೆಗಲ್ಲ. ಕಾಂಕ್ರೀಟ್ ಪುಡಿಯಿಂದ ಇಳಿಯುವ ಕ್ಷಾರದ ನೀರು ಮಣ್ಣಿನ ಕಬ್ಬಿಣಾಂಶವನ್ನು ಗಿಡಕ್ಕೆ ದಕ್ಕಗೊಡದೆ, ನರಗಳು ಹಸಿರಿದ್ದರೂ ಎಳೆ ಎಲೆ ಹಳದಿಗೆ ತಿರುಗುತ್ತದೆ.

ಮೇಲೆ 4 ಸೆಂ.ಮೀ. ಮರಳು, ಅಂದರೆ 2 ಘನ ಮೀಟರ್. ದಪ್ಪ ಚಪ್ಪಡಿ ಕೂರುವಲ್ಲಿ ಮರಳು ಕೆರೆಯಿರಿ, ತೆಳುವಿನ ಕೆಳಗೆ ಸೇರಿಸಿ. ರಬ್ಬರ್ ಸುತ್ತಿಗೆಯಿಂದ ತಟ್ಟಿ ಮಟ್ಟ ನೋಡಿ. ಅಕ್ಕಪಕ್ಕದ ಚಪ್ಪಡಿಗಳ ನಡುವೆ 5 ಮಿ.ಮೀ. ಏರುಪೇರಾದರೂ ಕಾಲು ಎಡವುತ್ತದೆ. ಸಂದು 1 ಸೆಂ.ಮೀ. ಸಾಕು, ಹೆಚ್ಚಾದರೆ ಊರುಗೋಲು ಸಿಕ್ಕಿಕೊಳ್ಳುತ್ತದೆ. ಸಂದಿಗೆ ಕಲ್ಲಿನ ಪುಡಿ ತುಂಬಿ. ಸಿಮೆಂಟ್ ಗಾರೆ ಬಿರುಕು ಬಿಡುತ್ತದೆ, ನೀರನ್ನೂ ಇಂಗಗೊಡದು.

ಮೊದಲ ಜೋರು ಮಳೆಯಾದ ಮೇಲೆ ಪುಡಿ ಕುಸಿದಿರುತ್ತದೆ, ಮತ್ತೆ ತುಂಬಿ. ಒಂದೇ ಚಪ್ಪಡಿ ಅಲುಗಾಡಿದರೆ ಎತ್ತಿ ಮರಳು ಸರಿಪಡಿಸಿದರಾಯಿತು. ಸಾಲಾಗಿ ನಾಲ್ಕೈದು ತಗ್ಗಿದ್ದರೆ ದೋಷ ತಳದ್ದು. ಅಷ್ಟು ಜಾಗ ಬಿಚ್ಚಿ ಮತ್ತೆ ದಿಮ್ಮಸು ಹೊಡೆಯಬೇಕು.