ಅಜ್ಜಿಯ ಬದುಕನ್ನು ಬರೆದಿಡುವುದು ಹೇಗೆ

'ಪ್ರೀತಿಯ ಅಜ್ಜಿ, ಊರಿಗೆ ಉಪಕಾರಿ' ಎಂದು ಬರೆದರೆ ಅದು ಯಾರ ಅಜ್ಜಿಗೂ ಹೊಂದುತ್ತದೆ. ನಮ್ಮಜ್ಜಿಯ ಕೈಚೀಲದಲ್ಲಿ ಯಾವಾಗಲೂ ಎರಡು ಕನ್ನಡಕ ಇರುತ್ತಿದ್ದವು. ಒಂದು ಅವರದು. ಇನ್ನೊಂದು, ಸಂಜೆ ಓದು ಬರಹ ಕಲಿಯಲು ಬರುವವರಲ್ಲಿ ಕನ್ನಡಕ ಮರೆತು ಬಂದವರಿಗೆ. ನೀವು ಬರೆಯಲು ಕೂತಾಗ ಮೊದಲು ಇಂಥದ್ದನ್ನು ಹುಡುಕಿ. ಗುಣಗಳ ಪಟ್ಟಿ ಆಮೇಲೆ ಬೇಕೂ ಆಗುವುದಿಲ್ಲ.

ಮನೆಯವರನ್ನಷ್ಟೇ ಕೇಳಿದರೆ ಅರ್ಧ ಬದುಕು ಬಿಟ್ಟುಹೋಗುತ್ತದೆ. ಅಜ್ಜಿ ಮನೆಯಲ್ಲಿದ್ದ ಹೊತ್ತು ಮಾತ್ರ ನಮಗೆ ಗೊತ್ತು. ಚಪ್ಪಲಿ ಮೆಟ್ಟಿ ಹೊರಟ ಮೇಲಿನದು ಅವರ ಜೊತೆ ದುಡಿದವರಿಗೆ, ಅವರಿಂದ ಕಲಿತವರಿಗೆ ಗೊತ್ತು. ಅವರ ಹತ್ತಿರ ಹೋಗಿ. ಆದರೆ "ಅಜ್ಜಿ ಹೇಗಿದ್ರು?" ಎಂದು ಕೇಳಬೇಡಿ. "ತುಂಬಾ ಒಳ್ಳೆಯವರು" ಎನ್ನುತ್ತಾರೆ, ಮಾತು ಅಲ್ಲಿಗೇ ನಿಲ್ಲುತ್ತದೆ. ಮೊದಲ ದಿನ ನಿಮಗೆ ಏನು ಹೇಳಿದರು? ಎಲ್ಲಿ ಕೂತಿದ್ದರು? ಅವರಿಗೆ ಯಾವುದಕ್ಕೆ ಸಿಟ್ಟು ಬರುತ್ತಿತ್ತು? ಹೀಗೆ ಕೇಳಿ. ಸಿಟ್ಟಿನ ಪ್ರಶ್ನೆಯನ್ನಂತೂ ಬಿಡಲೇಬೇಡಿ. ನಮ್ಮಜ್ಜಿ ತರಗತಿ ತಪ್ಪಿಸಿದವರನ್ನು ಬೈಯುತ್ತಿರಲಿಲ್ಲವಂತೆ. ಮಾರನೆಯ ಬೆಳಿಗ್ಗೆ ಸ್ಲೇಟು ಹಿಡಿದು ಅವರ ಬಾಗಿಲಿಗೇ ಹೋಗಿ ನಿಲ್ಲುತ್ತಿದ್ದರಂತೆ! ಇದನ್ನು ಹೇಳಿದ್ದು ಅವರ ಹತ್ತಿರ ಸಹಿ ಹಾಕಲು ಕಲಿತ ಒಬ್ಬ ಹೆಂಗಸು. ನಮ್ಮಮ್ಮನಿಗೂ ಗೊತ್ತಿರದ ವಿಷಯ ಅದು.

ಅಜ್ಜಿ ಇನ್ನೂ ನಿಮ್ಮ ಜೊತೆಗಿದ್ದರೆ, ಈ ವಾರವೇ ಮಾತು ರೆಕಾರ್ಡ್ ಮಾಡಿಕೊಳ್ಳಿ. ತಮ್ಮ ಸುಮಾರು 10ರಿಂದ 30ನೇ ವಯಸ್ಸಿನ ನಡುವಿನ ನೆನಪುಗಳು ವಯಸ್ಸಾದವರಲ್ಲಿ ಜಾಸ್ತಿ ಉಳಿದಿರುತ್ತವೆ. ಅಲ್ಲಿಂದಲೇ ಶುರು ಮಾಡಿ. ಯಾವ ಇಸವಿ ಎಂದು ಕೇಳಿದರೆ ಅವರಿಗೆ ತಡವರಿಸುತ್ತದೆ. "1969ರಲ್ಲಿ ಮನುಷ್ಯ ಚಂದ್ರನ ಮೇಲೆ ಇಳಿದ ಸುದ್ದಿ ಬಂತಲ್ಲ ಅಜ್ಜಿ, ಆಗ ನೀವು ಯಾವ ಮನೇಲಿದ್ರಿ?" ಎಂದರೆ ಮನೆ, ಮಕ್ಕಳು, ನೆರೆಯವರು ಎಲ್ಲ ಒಟ್ಟಿಗೇ ನೆನಪಾಗುತ್ತಾರೆ. ಅವರು ಸುಮ್ಮನಾದರೆ ನೀವೂ ಸುಮ್ನೆ ಕಾಯಿರಿ. ಒಳ್ಳೆಯ ಮಾತು ಎಷ್ಟೋ ಸಲ ಆಮೇಲೇ ಬರುತ್ತದೆ.

ಹಳೆಯ ಫೋಟೋ ಆಲ್ಬಮ್ಮಿಗೆ ಅಂಟಿಕೊಂಡಿದ್ದರೆ ಕೀಳಬೇಡಿ, ಪುಟದ ಸಮೇತ ಸ್ಕ್ಯಾನ್ ಮಾಡಿ. ಚಿಕ್ಕ ಫೋಟೋಗಳಿಗೆ ಸ್ಕ್ಯಾನರಿನಲ್ಲಿ 600 ಡಿಪಿಐ (ಒಂದು ಇಂಚಿಗೆ ಎಷ್ಟು ಚುಕ್ಕಿ ಎನ್ನುವ ಲೆಕ್ಕ) ಇಡಿ. ಹಿಂಬದಿಯಲ್ಲಿ ಹೆಸರು ಬರೆಯಲು ಮೆತ್ತನೆಯ ಪೆನ್ಸಿಲ್ ಸಾಕು, ಬಾಲ್‌ಪೆನ್ ಒತ್ತಿದ ಗುರುತು ಮುಂದಕ್ಕೆ ಮೂಡುತ್ತದೆ. ಎಲ್ಲದರ ಮೂರು ಪ್ರತಿ ಇರಲಿ. ಅದರಲ್ಲಿ ಒಂದು ಬೇರೆಯವರ ಮನೆಯಲ್ಲಿರಲಿ.

ಬರೆಯುವಾಗ ಹುಟ್ಟಿದ ದಿನದಿಂದ ವರ್ಷ ವರ್ಷವಾಗಿ ಹೋಗಬೇಕಿಲ್ಲ. ಎರಡು ಮೂರು ಘಟನೆಗಳನ್ನು ಪೂರ್ತಿ ಹೇಳಿ. ಕೊನೆಯ ಕಾಯಿಲೆಗೆ ಒಂದು ವಾಕ್ಯ ಸಾಕು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಅಷ್ಟು ದೀರ್ಘ ಬದುಕಿನಲ್ಲಿ ಅದು ಕೆಲವೇ ತಿಂಗಳು, ಅಲ್ವಾ? ಅಜ್ಜಿಯಿಂದ ಸಹಾಯ ಪಡೆದವರ ಹೆಸರನ್ನು ಅವರ ಒಪ್ಪಿಗೆ ಕೇಳದೆ ಬರೆಯಬೇಡಿ. ಅವರ ಕಷ್ಟ ಅವರದು. ಅಜ್ಜಿ ಅದನ್ನು ಯಾರ ಮುಂದೆಯೂ ಆಡಿರಲಿಲ್ಲ.

ಬರೆದದ್ದನ್ನು ಗಟ್ಟಿಯಾಗಿ ಓದಿ, ನೆನಪು ಹಂಚಿಕೊಂಡವರಿಗೂ ಒಂದೊಂದು ಪ್ರತಿ ಕೊಡಿ. ಯಾರಾದರೂ "ಅದು ಹಾಗಲ್ಲ, ಆವತ್ತು ನಾನೂ ಅಲ್ಲಿದ್ದೆ" ಎಂದರೆ, ಕೂತು ಅದನ್ನೂ ಬರೆದುಕೊಳ್ಳಿ.